ಗಿಟಾರಿನ ‘ಕರ್ಕಶ’ ದನಿ: ಒಂದೇ ಪದ ಸಾಕಾ?

ಗೆಳೆಯರೇ,

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಮನೆಯಲ್ಲೊಂದು ಎಲೆಕ್ಟ್ರೋ-ಅಕೌಸ್ಟಿಕ್ ಗಿಟಾರ್ ಇದೆ. ಸುಮ್ನೆ ಕೂತು ನುಡಿಸಿದರೆ ದನಿ ಇಂಪಾಗಿದೆ. ಕೇಬಲ್ ಸಿಕ್ಕಿಸಿ, ದನಿ ಜೋರು ಮಾಡುವ ಆಂಪ್‌ನಲ್ಲಿ ಕೇಳಿದರೆ ಕಿವಿಗೆ ಚುಚ್ಚುತ್ತದೆ. ರಿಪೇರಿ ಮಾಡುವವರ ಹತ್ತಿರ ಹೋಗಿ ‘ಸೌಂಡ್ ಕರ್ಕಶವಾಗಿದೆ’ ಅಂದೆ. ಅವರು ತಂತಿ ಹಳೆಯದಾಗಿದೆ ಎಂದು ಹೊಸದು ಹಾಕಿಕೊಟ್ಟರು. ಚುಚ್ಚುವುದು ಇನ್ನೂ ಜಾಸ್ತಿಯಾಯಿತು! ಹೊಸ ಕಂಚಿನ ತಂತಿ ಮೊದಲ ಕೆಲವು ದಿನ ಹರಿತವಾಗಿಯೇ ನುಡಿಯುತ್ತದೆ. ಅವರನ್ನು ದೂರುವಂತಿಲ್ಲ. ನಾನು ಹೇಳಿದ ಒಂದೇ ಪದದಲ್ಲಿ ಮೂರು ಬೇರೆ ಬೇರೆ ದೋಷ ಸೇರಿಕೊಂಡಿದ್ದವು.

ಒಂದು, ಜೋರಾಗಿ ಮೀಟಿದಾಗ ಸ್ವರ ಒಡೆಯುತ್ತಿತ್ತು. ಗಿಟಾರಿನೊಳಗೆ ದನಿಯ ಸಂಕೇತವನ್ನು ಬಲಪಡಿಸುವ ಪ್ರಿಆಂಪ್‌ಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ನುಡಿಸದಿದ್ದರೂ ಅದು ಖರ್ಚಾಗುತ್ತದೆ. ನಮ್ಮಲ್ಲಿ ಆಗಿದ್ದೂ ಅದೇ. ಬ್ಯಾಟರಿ ಬದಲಿಸಿದೆ, ಸರಿಹೋಯಿತು. ಇದಕ್ಕೆ ‘ಒಡಕು ದನಿ’ ಅನ್ನಬಹುದು. ಇದರಲ್ಲಿ ನನಗೆ ಗೊಂದಲ ಇಲ್ಲ.

ಇನ್ನೊಂದು, ಮೇಲಿನ ಎರಡು ತಂತಿ ಮಾತ್ರ ಉಳಿದವುಗಳಿಗಿಂತ ಜೋರಾಗಿ ಕೇಳುತ್ತಿದ್ದವು. ತಂತಿಗಳು ಕೂರುವ ಬಿಳಿ ಪಟ್ಟಿಯ ತಳ ಮಟ್ಟಸವಾಗಿರಲಿಲ್ಲ. ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೀಜೋ ಪಿಕಪ್ ಇರುವುದು ಅದರ ಕೆಳಗೇ. ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳದಿದ್ದರೆ ಹೀಗಾಗುತ್ತದೆ. ತಳ ಉಜ್ಜಿಸಿ ಸರಿಮಾಡಿಸಿದೆ.

ಉಳಿದದ್ದು ಮೂರನೆಯದು. ನನ್ನ ಪ್ರಶ್ನೆ ಅದರದ್ದೇ. ಪೀಜೋ ಹಿಡಿಯುವುದು ಪಟ್ಟಿಯ ಮೇಲಿನ ಒತ್ತಡವನ್ನು. ಹಾಗಾಗಿ ಉಗುರು ತಾಗಿದ ಮೊದಲ ಪೆಟ್ಟು ಎದ್ದು ಕೇಳುತ್ತದೆ, ಮರದ ಡಬ್ಬದ ತುಂಬು ನಾದ ಹಿಂದೆ ಬೀಳುತ್ತದೆ. ದನಿಯ ಬೇರೆ ಬೇರೆ ಕಂಪನಗಳನ್ನು ಏರಿಸಿ ತಗ್ಗಿಸುವ ಈಕ್ವಲೈಸರ್‌ನಲ್ಲಿ 2000ದಿಂದ 4000 ಹರ್ಟ್ಜ್‌ವರೆಗೆ ಸ್ವಲ್ಪ ತಗ್ಗಿಸಿದರೆ ಮೆತ್ತಗಾಗುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವುದೂ ಆ ಜಾಗದಲ್ಲೇ. ಇಂಗ್ಲಿಷಿನಲ್ಲಿ ನುಡಿಸುವವರು ಈ ದನಿಗೆ ‘ಕ್ವ್ಯಾಕ್’ ಅನ್ನುತ್ತಾರೆ, ಬಾತುಕೋಳಿ ಕೂಗಿನ ಹೆಸರು. ನಮಗೆ ಆ ಹೋಲಿಕೆ ಹತ್ತುವುದಿಲ್ಲ ಅಲ್ವಾ?

‘ಕೀಚಲು’ ಅಂದರೆ ಮನುಷ್ಯರ ಸಣ್ಣ, ಎತ್ತರದ ದನಿ ನೆನಪಾಗುತ್ತದೆ. ‘ಗೊಗ್ಗರು’ ಕಟ್ಟಿದ ಗಂಟಲಿನದು. ಎರಡೂ ಕೂರಲಿಲ್ಲ. ನಮ್ಮಮ್ಮ ಮಂಡ್ಯ ಕಡೆಯವರು. ಅವರಿಗೆ ಕೇಳಿಸಿದೆ. ‘ತಗಡಿನ ಮೇಲೆ ಉಗ್ರಲ್ಲಿ ಕುಟ್ದಂಗೈತೆ ಕಣಪ್ಪ’ ಅಂದರು. ಉಗುರಿನ ಪೆಟ್ಟು, ಮರದ ನಾದ ಇಲ್ಲದಿರುವುದು, ಎರಡೂ ಆ ಒಂದು ಮಾತಿನಲ್ಲಿ ಬಂತು. ಅಂದಿನಿಂದ ನಾನು ‘ತಗಡು ದನಿ’ ಅನ್ನುತ್ತಿದ್ದೇನೆ.

‘ಕರ್ಕಶ’ ಸಂಸ್ಕೃತದಲ್ಲಿ ಮೊದಲಿಗೆ ಮುಟ್ಟಿದರೆ ಒರಟಾಗಿರುವುದು. ಕನ್ನಡದಲ್ಲೂ ಕೈಗೆ ತಿಳಿಯುವ ಗುಣವನ್ನು ದನಿಗೆ ಹೇಳಿದ್ದುಂಟು. ಹಳಗನ್ನಡದ ‘ನುಣ್ಚರ’ ನೋಡಿ: ನುಣ್ಪಾದ ಸರ, ಅಂದರೆ ನುಣುಪಾದ ದನಿ. ಅದಕ್ಕೆ ಎದುರಾಗಿ ‘ಒರಟು ದನಿ’ ಸಹಜವಾಗಿಯೇ ನಿಲ್ಲುತ್ತದೆ. ಆದರೆ ನನ್ನ ಗಿಟಾರಿನದು ಒರಟಲ್ಲ. ತೆಳು, ಗಡಸು.

ಇದರ ಜೊತೆಗೇ ಇನ್ನೊಂದು ಪದ ಬೇಕು. ವೀಣೆಯಲ್ಲಿ ತಂತಿಗಳನ್ನು ಹೊರುವುದಕ್ಕೆ ‘ಕುದುರೆ’ ಅನ್ನುತ್ತೇವೆ. ಗಿಟಾರಿನ ಬ್ರಿಡ್ಜ್‌ಗೂ ಅದೇ ಪದ ಸಾಕು. ಅದರ ಮೇಲಿನ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಬಿಳಿ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಸ್ಯಾಡಲ್’. ಕುದುರೆಯ ಮೇಲೆ ‘ಜೀನು’ ಎಂದರೆ ಎಷ್ಟು ಸಲೀಸಾಗಿ ಹೊಂದುತ್ತದೆ! ನನಗಂತೂ ತುಂಬಾ ಇಷ್ಟವಾಯಿತು. ಆದರೆ ವೀಣೆಯ ಕುದುರೆಯ ಮೇಲೂ ಲೋಹದ ತಗಡು ಇರುತ್ತದೆ. ವೀಣೆ ಮಾಡುವವರು ಅದನ್ನು ಬರೀ ತಗಡು ಅನ್ನುತ್ತಾರಾ, ಬೇರೆ ಹೆಸರಿದೆಯಾ? ಅಲ್ಲಿ ‘ತಗಡು’ ಒಂದು ಭಾಗದ ಹೆಸರೇ ಆಗಿದ್ದರೆ, ನನ್ನ ‘ತಗಡು ದನಿ’ ವೀಣೆಯವರಿಗೆ ಬೇರೆ ಅರ್ಥ ಕೊಡಬಹುದು.

ವೀಣೆ, ತಂಬೂರಿ ರಿಪೇರಿ ಮಾಡುವವರ ಮನೆಯಿಂದ ಬಂದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಈ ತೆಳು, ಗಡಸು ದನಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು?