ಟರ್ಬೊ ಗಾಡಿಗೆ ದೊಡ್ಡ ಫ್ಯುಯೆಲ್ ಪಂಪ್: ಮಾಡಿಸಿದವರು ಅನುಭವ ಹೇಳ್ರಿ

ಕೇಳಿದವರು, ಹುಬ್ಬಳ್ಳಿ ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನನ್ನದು ಆಕ್ಟೇವಿಯಾ ವಿಆರ್‌ಎಸ್ 230. ಶೋರೂಮಿನಿಂದ ಬಂದಾಗ 230 ಪಿಎಸ್ ಇತ್ತು. ಈಗ ಅದಕ್ಕಿಂತ ದೊಡ್ಡ ಐಎಸ್38 ಟರ್ಬೊ ಕೂತಿದೆ, ಟ್ಯೂನ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಆಗಿದೆ, 380 ಎಚ್‌ಪಿ ಹತ್ತಿರ ಮುಟ್ಟಿಸಬೇಕು ಅಂತ ಆಸೆ. ಆದರೆ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ 5,500 ಆರ್‌ಪಿಎಂ ದಾಟಿದ ಮೇಲೆ ಎಳೆತ ಸತ್ತೇ ಹೋಗುತ್ತದೆ. ಒಮ್ಮೊಮ್ಮೆ ಇಂಜಿನ್ ಲೈಟ್ ಬಂದು ಫ್ಯುಯೆಲ್ ಒತ್ತಡ ಕಮ್ಮಿ ಅನ್ನೋ ಪಿ0087 ಕೋಡ್ ತೋರಿಸುತ್ತದೆ. ಫ್ಯುಯೆಲ್ ಸಾಲುತ್ತಿಲ್ಲ ಅಂತಾರೆ ಟ್ಯೂನರ್. ಯಾವ ಪಂಪ್ ಹಾಕಿಸಲಿ? ಕೆಲಸ ಇಲ್ಲೇ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ?

ಧಾರವಾಡ, ಸಪ್ತಾಪುರ

ಪಂಪಿನ ಹೆಸರು ಆಮೇಲೆ, ಮೊದಲು ಲಾಗ್ (ಗಾಡಿ ಓಡುವಾಗಿನ ರೀಡಿಂಗ್‌ಗಳ ರೆಕಾರ್ಡ್) ತೆಗೀರಿ. ನಿಮ್ಮ ಗಾಡಿಯಲ್ಲಿ ಪಂಪ್ ಎರಡು. ಒಂದು ಟ್ಯಾಂಕ್ ಒಳಗಿನ ಕರೆಂಟಿನ ಪಂಪ್, ಕೆಲವೇ ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಇಂಜಿನ್ ತನಕ ತಂದು ಕೊಡುತ್ತದೆ. ಇನ್ನೊಂದು ಇಂಜಿನ್ ಮೇಲೆಯೇ ಇರುವ ಹೈ ಪ್ರೆಶರ್ ಪಂಪ್. ಅದನ್ನು ಕ್ಯಾಮ್‌ಶಾಫ್ಟ್ ಓಡಿಸುತ್ತದೆ, ಅದು ಸುಮಾರು 200 ಬಾರ್ ತನಕ ಒತ್ತಿ ರೇಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿಗೆ) ಕಳಿಸುತ್ತದೆ. ಕೆಳಗಿನದು ಸರಿಯಾಗಿ ಕೊಡದಿದ್ದರೆ ಮೇಲಿನದು ಎಷ್ಟು ದೊಡ್ಡದಿದ್ದರೂ ಸುಮ್ನೆ ದಂಡ.

ವಿಸಿಡಿಎಸ್ ಅಥವಾ ಒಬಿಡಿ ಇಲೆವೆನ್ ಥರದ ಸ್ಕ್ಯಾನರ್ ಇದ್ದವರನ್ನು ಜೊತೆಗೆ ಕೂರಿಸಿಕೊಳ್ಳಿ. ರೇಲ್ ಪ್ರೆಶರ್ ಇಂಜಿನ್ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು, ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಲೋ ಪ್ರೆಶರ್ ಕಡೆಯ ರೀಡಿಂಗ್ ಸಿಕ್ಕರೆ ಅದನ್ನೂ. ಸಿಗದಿದ್ದರೆ ಲೈನಿಗೆ ಗೇಜ್ ಹಾಕಿಸಿ ನೋಡಬೇಕು. ಕೆಳಗಿನ ಒತ್ತಡ ಗಟ್ಟಿ ನಿಂತು ರೇಲ್ ಪ್ರೆಶರ್ ಮಾತ್ರ ಬಿದ್ದರೆ ಮೇಲಿನ ಪಂಪ್ ಸಾಲುತ್ತಿಲ್ಲ ಅಂತ ಲೆಕ್ಕ. ಕೆಳಗಿನದು ಮೊದಲು ಕುಸಿದು, ಅದರ ಹಿಂದೆಯೇ ರೇಲ್ ಬಿದ್ದರೆ ಟ್ಯಾಂಕಿನ ಪಂಪಿಗೆ ಹೋಗಿ. ಇದಿಷ್ಟು ಗೊತ್ತಾಗದೆ ಎರಡನ್ನೂ ಬದಲಿಸೋದು ದುಡ್ಡು ಹಾಳು, ಮೇಲಿನ ಪಂಪ್ ಅಗ್ಗದ್ದಲ್ಲ ಅಲ್ವಾ. ಅಷ್ಟಾಗಿ ಅದೇ ಬೇಕು ಅಂತ ಗೊತ್ತಾದರೂ ಪೂರ್ತಿ ಪಂಪೇ ತರಿಸಬೇಕಿಲ್ಲ. ಹಳೇ ಪಂಪಿನೊಳಗೆ ದೊಡ್ಡ ಪಿಸ್ಟನ್ ಕೂರಿಸುವ ಕಿಟ್ ಸಿಗುತ್ತದೆ.

ಅಲ್ಲಿಯವರೆಗೆ ಫುಲ್ ಬೂಸ್ಟಿನಲ್ಲಿ (ಟರ್ಬೊ ಪೂರ್ತಿ ಗಾಳಿ ತುಂಬುವಾಗ) ಒತ್ತಬೇಡಿ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದರೆ ನಾಕ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಶುರುವಾಗುತ್ತದೆ. ಪಿಸ್ಟನ್ ಒಡೆದರೆ ಪಂಪಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಹುಬ್ಬಳ್ಳಿ, ಕೇಶ್ವಾಪುರ

ಟ್ಯಾಂಕಿನ ಪಂಪ್ ಎಷ್ಟು ದೊಡ್ಡದು ಬೇಕು ಅನ್ನೋ ಲೆಕ್ಕ ಹೇಳ್ತೀನಿ. ಟರ್ಬೊ ಪೆಟ್ರೋಲ್ ಇಂಜಿನ್ನಿಗೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಅಂತ ಹಿಡೀರಿ. ಸ್ವಲ್ಪ ಕೈ ಬಿಚ್ಚಿ ಹಿಡಿದ ಲೆಕ್ಕವೇ ಇದು, ಇರಲಿ. 380ಕ್ಕೆ ಗುಣಿಸಿದರೆ 103 ಕೆಜಿ, ಅಂದರೆ ಗಂಟೆಗೆ 138 ಲೀಟರ್ ಹತ್ತಿರ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿಗೆ ಗಾಳಿ ಕಮ್ಮಿ ಸಾಕು, ಹಾಗಾಗಿ ಅದೇ ಗಾಳಿಗೆ ಜಾಸ್ತಿ ಪೆಟ್ರೋಲ್ ಸುರಿಯಬೇಕು. ಬರೀ ಪೆಟ್ರೋಲಿಗಿಂತ ಶೇ. 7-8 ಜಾಸ್ತಿ. 148 ಲೀಟರ್ ಆಯಿತು. ಮೇಲೆ ಶೇ. 20 ಇರಲಿ ಅಂದರೆ 180ರ ಹತ್ತಿರ.

ಹಾಗಾದರೆ ಗಂಟೆಗೆ 255 ಲೀಟರಿನ ವಾಲ್ಬ್ರೊ ಕಂಪನಿ ಪಂಪ್ ಧಾರಾಳ ಆಯಿತು ಅಂತ ಕುಣಿಯಬೇಡಿ. ಡಬ್ಬಿ ಮೇಲಿನ 255 ಸುಮಾರು 40 ಪಿಎಸ್‌ಐ ಒತ್ತಡದ ಮಾತು. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ, ವೋಲ್ಟೇಜ್ ಇಳಿದರೆ ಇನ್ನೂ ಇಳಿಯುತ್ತದೆ. ನಿಮ್ಮ ಲೈನಿನ ಒತ್ತಡದಲ್ಲಿ, ನಿಮ್ಮ ವೋಲ್ಟೇಜಿನಲ್ಲಿ 180 ಬರಬೇಕು. ಪಂಪಿನ ಗ್ರಾಫ್ ಕೇಳಿ ಪಡೀರಿ. ಗ್ರಾಫ್ ಇಲ್ಲ ಅನ್ನುವ ಅಂಗಡಿಯಲ್ಲಿ ನಾನಂತೂ ಪಂಪ್ ತಗೊಳ್ಳಲ್ಲ.

ಗದಗ

ನನ್ನದು ಟರ್ಬೊ ಹಾಕಿಸಿದ ಹಳೇ ಲ್ಯಾನ್ಸರ್. ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗಲ್ಲ, ಗಾಳಿ ಬರುವ ದಾರಿಗೆ ಸಿಂಪಡಿಸೋದು), ಆದ್ದರಿಂದ ಹೈ ಪ್ರೆಶರ್ ಪಂಪಿನ ತಲೆನೋವು ಇಲ್ಲ. ಆದರೆ ವೈರಿಂಗ್ ವಿಷಯ ಎಲ್ಲರಿಗೂ ಒಂದೇ, ಅದನ್ನೇ ಯಾರೂ ನೋಡಲ್ಲ.

255 ಹಾಕಿಸಿದ ಮೇಲೂ ನನ್ನ ಗಾಡಿ ಮೇಲಿನ ಆರ್‌ಪಿಎಂನಲ್ಲಿ ಲೀನ್ ಹೋಗುತ್ತಿತ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. ಗ್ಯಾರೇಜಿನವರು ಇನ್ನೂ ದೊಡ್ಡ ಪಂಪ್ ಹಾಕೋಣ ಅಂದರು. ನಮ್ಮ ಎಲೆಕ್ಟ್ರಿಷಿಯನ್ ಕಾಕಾ ಬೇಡ ಅಂದರು. ಹಿಂದಿನ ಸೀಟು ಎತ್ತಿ, ಪಂಪಿನ ಮುಚ್ಚಳದ ಹತ್ತಿರ ಪ್ಲಗ್ ಬಿಚ್ಚಿ ಕೈಗೆ ಕೊಟ್ಟರು. ಬಿಳಿ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಚಹಾದ ಬಣ್ಣಕ್ಕೆ ತಿರುಗಿತ್ತು, ಆ ಪಿನ್ ಸಡಿಲ. ಇಂಜಿನ್ ಚಾಲೂ ಮಾಡಿ ಬ್ಯಾಟರಿಯಲ್ಲಿ ಅಳೆದರೆ 14 ವೋಲ್ಟ್, ಪಂಪಿನ ಹತ್ತಿರ 12ಕ್ಕೂ ಕಮ್ಮಿ. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರ್ ಎಳೆದು, ರಿಲೇ ಕೂರಿಸಿ, ಹಳೇ ವೈರನ್ನು ರಿಲೇ ಎಬ್ಬಿಸೋಕೆ ಮಾತ್ರ ಬಿಟ್ಟರು. ಅರ್ಥಿಂಗನ್ನೂ ಪೇಂಟ್ ಕೆರೆದು ಬಾಡಿಗೆ ಹೊಸದಾಗಿ ಕೊಟ್ಟರು. ಅದೇ ಪಂಪ್, ಅದೇ ಟ್ಯೂನ್, ಲೀನ್ ಆಗೋದು ನಿಂತಿತು.

ಆದರೆ ನೋಡ್ರಿ, ನಿಮ್ಮ ಆಕ್ಟೇವಿಯಾಕ್ಕೆ ಇದನ್ನು ಹಾಗೇ ಮಾಡಿಸಬೇಡಿ. ಅದರ ಪಂಪಿಗೆ ಕರೆಂಟ್ ಕಂಟ್ರೋಲ್ ಮಾಡ್ಯೂಲ್ ಮೂಲಕ ಬರುತ್ತದೆ, ಬೇಕಾದಷ್ಟೇ ಓಡಿಸುತ್ತದೆ. ಮಲ್ಟಿಮೀಟರ್ ಇಟ್ಟರೆ ಅಲ್ಲಿ ಸರಿಯಾದ ಅಂಕಿಯೂ ಸಿಗಲ್ಲ. 450 ಲೀಟರಿನ ಥರದ ದೊಡ್ಡ ಪಂಪ್ ಕೂರಿಸಿದರೆ ಅದು 10 ಆಂಪ್ ದಾಟಿ ಎಳೆಯುತ್ತದೆ, ಮಾಡ್ಯೂಲ್ ಸುಟ್ಟರೆ ದಾರಿಯಲ್ಲೇ ನಿಲ್ಲುತ್ತೀರಿ. ಮಾಡ್ಯೂಲ್ ತಡೆಯುತ್ತಾ ಅಂತ ಟ್ಯೂನರಿಂದ ಖಾತ್ರಿ ಮಾಡಿಕೊಂಡೇ ಪಂಪ್ ಆರಿಸಿ.

ಹಾವೇರಿ

ಗದಗದ ಅಣ್ಣಾವ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ.

ಪೈಪ್. ಟ್ಯಾಂಕ್ ಒಳಗೆ ಪಂಪಿಗೆ ಜೋಡಿಸುವ ಪೈಪ್ ಪೆಟ್ರೋಲಿನಲ್ಲಿ ಮುಳುಗಿಯೇ ಇರುತ್ತದೆ. ಹೊರಗೆ ಹಾಕುವ ಇಂಜೆಕ್ಷನ್ ಪೈಪ್ ಒಳಭಾಗಕ್ಕೆ ಮಾತ್ರ ಪೆಟ್ರೋಲ್ ತಡೆಯುತ್ತದೆ, ಹೊರಮೈ ಉಬ್ಬಿ ಮೆತ್ತಗಾಗಿ ಕ್ಲಾಂಪಿನ ಹತ್ತಿರ ಸೀಳುತ್ತದೆ. ಆಗ ಪಂಪ್ ಎತ್ತಿದ ಪೆಟ್ರೋಲ್ ಟ್ಯಾಂಕಿಗೇ ವಾಪಸ್, ಲಾಗಿನಲ್ಲಿ ಪಂಪ್ ಸತ್ತಂತೆ ಕಾಣುತ್ತದೆ. ಆರ್10 ಅಂತ ಅಚ್ಚು ಇರುವ ಮುಳುಗುವ ಪೈಪೇ ಬೇಕು. ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಎಲ್ಲಾ ಒಂದೇ ರೀ ಅಂತಾರೆ. ಒಂದೇ ಅಲ್ಲ.

ಇನ್ನೊಂದು, ವಾಲ್ಬ್ರೊ ಹೆಸರಿನ ನಕಲಿ ಮಾಲು ಮಾರ್ಕೆಟ್ ತುಂಬಾ ಇದೆ. ಅರ್ಧ ರೇಟಿಗೆ ಸಿಕ್ಕರೆ ಅದು ಅದೇ. ಬಿಲ್ ಕೊಡುವ ಡೀಲರಿಂದ ಪಾರ್ಸಲ್ ತರಿಸಿಕೊಳ್ಳಿ, ನಾಲ್ಕು ದಿನ ತಡವಾದರೂ ಪರವಾಗಿಲ್ಲ.

ಕೆಲಸ ಇಲ್ಲೇ ಆಗುತ್ತದೆ. ಟ್ಯಾಂಕ್ ಪಂಪ್ ಹಿಂದಿನ ಸೀಟಿನ ಕೆಳಗಿಂದ ಬರುತ್ತದೆ, ಗೋಕುಲ ರೋಡ್ ಕಡೆ ಈ ಗಾಡಿಗಳಲ್ಲಿ ಕೈ ಪಳಗಿದವರನ್ನು ವಿಚಾರಿಸಿ. ಬ್ಯಾಟರಿ ಬಿಚ್ಚಿ, ಲೈನಿನ ಒತ್ತಡ ಇಳಿಸಿ, ಬಯಲಲ್ಲಿ ಮಾಡಲಿ. ಟ್ಯಾಂಕ್ ಬಾಯಿ ತೆರೆದಿರುವಾಗ ಪಕ್ಕದ ಗಾಡಿಗೆ ವೆಲ್ಡಿಂಗ್ ನಡೆಸುವ ಗ್ಯಾರೇಜ್ ಆದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಟ್ಯೂನ್ ಮಾತ್ರ ಬೆಂಗಳೂರೋ ಪುಣೆಯೋ, ಡೈನೊ (ನಿಂತಲ್ಲೇ ಗಾಡಿ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಆಗಲಿ. ಬೈಪಾಸ್‌ನಲ್ಲಿ ಲಾರಿಗಳ ನಡುವೆ 200ಕ್ಕೆ ಓಡಿಸಿ ಟ್ಯೂನ್ ಮಾಡೋದು ಹುಚ್ಚುತನ.

ಹುಬ್ಬಳ್ಳಿ, ಉಣಕಲ್

ಇನ್ಶೂರೆನ್ಸ್ ಕಂಪನಿಗೆ ಹೇಳಿದ್ದೀರಾ? ಇಷ್ಟು ಬದಲಾಯಿಸಿದ ಗಾಡಿಗೆ ಕ್ಲೇಮ್ ಬಂದಾಗ ಮೊದಲು ಅದನ್ನೇ ಕೇಳ್ತಾರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೇಳಿಲ್ಲ ಸರ್, ನಾಳೆ ಫೋನ್ ಮಾಡ್ತೀನಿ. ಲಾಗ್ ಭಾನುವಾರ ತೆಗೆಯುತ್ತೇನೆ. ಇನ್ನೊಂದು ಮರೆತಿದ್ದೆ. ಕಾರವಾರಕ್ಕೆ ಹೋಗುವಾಗ ಅರಬೈಲ್ ಘಟ್ಟದ ತಿರುವಿನಲ್ಲಿ ಕಡಿಮೆ ಸ್ಪೀಡಿಗೂ ಒಮ್ಮೆ ಹೀಗೇ ಮುಗ್ಗರಿಸಿತ್ತು. ಅದೂ ಪಂಪೇನಾ?

ಧಾರವಾಡ, ಸಪ್ತಾಪುರ

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಕಾಲು ಟ್ಯಾಂಕಿಗಿಂತ ಕಮ್ಮಿ ಇದ್ದು ಉದ್ದ ತಿರುವಿನಲ್ಲಿ ಒತ್ತಿದರೆ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಪಂಪ್ ಕೂತಿರುವ ಬಕೆಟ್ ಇದನ್ನು ತಡೆಯೋಕೇ ಇರೋದು. ಅದರ ತಳ ಸೀಳಿದ್ದರೆ, ಅಥವಾ ಮುಂದೆ ದೊಡ್ಡ ಪಂಪ್ ಹಾಕಲು ಯಾರಾದರೂ ಅದನ್ನು ಕತ್ತರಿಸಿದರೆ, ಈ ಕಾಟ ಜಾಸ್ತಿ ಆಗುತ್ತದೆ. ಬಕೆಟ್ ಕತ್ತರಿಸದೆ ಕೂರುವ ಪಂಪೇ ತಗೊಳ್ಳಿ. ಭಾನುವಾರದ ಲಾಗಿಗೆ ಅರ್ಧ ಟ್ಯಾಂಕಿಗಿಂತ ಮೇಲೆ ತುಂಬಿಸಿಕೊಂಡು ಹೋಗಿ, ಇಲ್ಲದಿದ್ದರೆ ಒತ್ತಡ ಬಿದ್ದದ್ದು ಪಂಪಿನಿಂದಲೋ ಗಾಳಿಯಿಂದಲೋ ಗೊತ್ತಾಗಲ್ಲ. ಫೈಲ್ ಇಲ್ಲೇ ಹಾಕಿ, ನೋಡ್ತೀವಿ.