ಅಪ್‌ಡೇಟ್: ಅವ್ವನ ಮೊಣಕಾಲಿನ ಹಿಂದಿನ ಬಾವು

ಅವ್ವನ ಮೊಣಕಾಲಿನ ಹಿಂದೆ ನರ ಗಂಟುಕಟ್ಟಿ ಬಾತಿದೆ, ರಕ್ತ ಹೆಪ್ಪುಗಟ್ಟಿರಬಹುದೇ ಎಂದು ಕೇಳಿದ್ದೆನಲ್ಲ, ಗದಗದಿಂದ ಹುಬ್ಬಳ್ಳಿಗೆ ಕರೆದೊಯ್ದು ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವನ್ನು ತೋರಿಸುವ ಸ್ಕ್ಯಾನ್) ಮಾಡಿಸಿದೆವು. ಹೆಪ್ಪು ಇಲ್ಲ! ಹೋದ ಜೀವ ಬಂದಂತಾಯಿತು.

ಮೊಣಕಾಲಿನ ಸುತ್ತಲಿನ ಸಣ್ಣ ಅಭಿಧಮನಿಗಳು (ರಕ್ತವನ್ನು ಹೃದಯದತ್ತ ಒಯ್ಯುವ ನಾಳಗಳು) ಕೀಲಿನ ಹಿಂದಿರುವ ದೊಡ್ಡ ಪಾಪ್ಲಿಟಿಯಲ್ ಅಭಿಧಮನಿಗೆ ಸೇರುತ್ತವೆ. ಮೀನಖಂಡದ ಚರ್ಮದಡಿಯಿಂದ ಬರುವ ಸಣ್ಣ ಸಫೀನಸ್ ಎಂಬ ಅಭಿಧಮನಿ ಕೂಡ ಸಾಮಾನ್ಯವಾಗಿ ಅಲ್ಲಿಯೇ ಕೂಡುತ್ತದೆ. ಅವ್ವನಿಗೆ ಕೆಟ್ಟಿರುವುದು ಆ ಕೂಡುವಲ್ಲಿನ ಕವಾಟ, ಅಂದರೆ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಬಾಗಿಲು. ವೈದ್ಯರು ಮೀನಖಂಡ ಹಿಂಡಿದಾಗ ಪರದೆಯ ಮೇಲೆ ನೀಲಿ ಬಣ್ಣ ಮೂಡಿತು; ಕೈ ಬಿಟ್ಟೊಡನೆ ಕೆಂಪಾಯಿತು, ಅಂದರೆ ರಕ್ತ ಕೆಳಗಿಳಿಯುತ್ತಿತ್ತು. ಕಣ್ಣಾರೆ ನೋಡಿದೆ.

ಸದ್ಯ ಬಿಗಿಯಾದ ಕಾಲುಚೀಲ, ಅದೂ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ. ದಿನವೂ ನಡಿಗೆ, ಮೀನಖಂಡದ ಸ್ನಾಯುವೇ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು. ಸ್ಕ್ಯಾನ್ ಆಗುವವರೆಗೆ ಎಣ್ಣೆ ಹಚ್ಚಿ ತಿಕ್ಕಬೇಡಿ ಎಂದು ತಡೆದವರಿಗೆ ಕೈಮುಗಿಯುತ್ತೇನೆ.