ನಾಣ್ಯದ ಫೋಟೊಗೆ ಯಾವ ಮೈಕ್ರೋಸ್ಕೋಪ್, ಯಾವ ಕ್ಯಾಮೆರಾ? ಕೇಳಿ, ಮೇಡಂ ಹೇಳುತ್ತಾರೆ

ಅಡ್ಮಿನ್: ನಾಣ್ಯಗಳ ಫೋಟೊ ತೆಗೆಯುವುದೇ ಮೇಡಂ ಕೆಲಸ. ಒಬ್ಬರಿಗೆ ಒಂದೇ ಪ್ರಶ್ನೆ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ.

ಚಿಲ್ಲರೆ ಡಬ್ಬಿ: ನಮಸ್ತೆ ಮೇಡಂ. 1000 ಪಟ್ಟು ಅಂತ ಬರೆದಿರುವ ಯುಎಸ್‌ಬಿ ಮೈಕ್ರೋಸ್ಕೋಪ್ ನೋಡಿದ್ದೇನೆ. ತಗೊಳ್ಳಬಹುದಾ?

ಮೇಡಂ: ನಮಸ್ತೆ. ಆ 1000 ನಂಬಬೇಡಿ. ನಿಮ್ಮ ಪರದೆ ಎಷ್ಟು ದೊಡ್ಡದು ಅನ್ನೋದನ್ನೂ ಆ ಲೆಕ್ಕಕ್ಕೆ ಸೇರಿಸಿರುತ್ತಾರೆ. ನಿಮಗೆ ಇಡೀ ನಾಣ್ಯ ಬೇಕಾ, ಇಲ್ಲ ಅದರ ಮೇಲಿನ ಒಂದು ಅಕ್ಷರ ಬೇಕಾ? ಇಡೀ ನಾಣ್ಯಕ್ಕೆ ಮೈಕ್ರೋಸ್ಕೋಪೇ ಬೇಡ. 25 ಮಿ.ಮೀ. ನಾಣ್ಯವನ್ನು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1, ಅಂದರೆ ಒಳಗಿನ ಸೆನ್ಸರ್ ಚಿಪ್ ಮೇಲೆ ನಾಣ್ಯದಷ್ಟೇ ದೊಡ್ಡ ಚಿತ್ರ ಬೀಳುವ ಹಾಗೆ, ತೆಗೆದರೆ ಅಂಚು ಆಚೆ ಹೋಗುತ್ತದೆ, ಯಾಕೆಂದರೆ ಸೆನ್ಸರ್ ಎತ್ತರ 24 ಮಿ.ಮೀ. ಅಷ್ಟೆ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ 0.6 ಪಟ್ಟಿಗಿಂತ ಸ್ವಲ್ಪ ಕಡಿಮೆಯೇ ಸಾಕು. 90ರಿಂದ 105 ಮಿ.ಮೀ. ಮ್ಯಾಕ್ರೋ ಲೆನ್ಸ್, ಅಲುಗಾಡದ ಸ್ಟ್ಯಾಂಡ್, ಎರಡು ದೀಪ. ಮುಗೀತು.

ತೂತುಕಾಸು: ಮಗಳ ಪ್ರಯೋಗಾಲಯದ ಮೈಕ್ರೋಸ್ಕೋಪ್ ಮನೆಯಲ್ಲಿದೆ, ಕೆಳಗಿನಿಂದ ಬೆಳಕು ಬರುವಂಥದ್ದು. ನಡೆಯುತ್ತಾ?

ಮೇಡಂ: ಇಲ್ಲ. ಲೋಹದೊಳಗೆ ಬೆಳಕು ಹಾಯಲ್ಲ.

ಸವೆದ ಮುಖ: ಮೇಡಂ, ನನ್ನ ಹತ್ತಿರ ಒಂದು ನಾಣ್ಯದಲ್ಲಿ ಇಸವಿ ಎರಡೆರಡು ಸಲ ಅಚ್ಚಾದ ಹಾಗಿದೆ. ರಿಂಗ್ ಲೈಟ್ ಹಾಕಿ ತೆಗೆದ ಫೋಟೊ ಕಳಿಸಿದ್ದೇನೆ. ಡಬಲ್ ಡೈ ಅಂತ ಮಾರಾಟಕ್ಕೆ ಹಾಕಿಬಿಟ್ಟೆ. ಇನ್ನೂ ಒಳ್ಳೆ ಫೋಟೊಗೆ ಏನು ತಗೊಳ್ಳಲಿ?

ಮೇಡಂ: ಸ್ವಲ್ಪ ತಡೀರಿ. ಈ ಫೋಟೊ ನೋಡಿ ನನಗೆ ಭಯ ಆಯಿತು. ರಿಂಗ್ ಲೈಟ್ ಎಲ್ಲ ಕಡೆಯಿಂದ ಬಿದ್ದು ಉಬ್ಬು ತಗ್ಗು ಅಳಿಸಿಬಿಡುತ್ತದೆ, ಹೊಳೆಯುವ ಅಂಚಿನಲ್ಲಿ ಅದೇ ಎರಡನೇ ಗೆರೆ ಹಾಗೆ ಕಾಣುತ್ತದೆ. ಮೊದಲು ಒಂದು ದೀಪ ಮಾತ್ರ ಇಡಿ, ಗಡಿಯಾರದ 10 ಗಂಟೆ ಇರುವ ಕಡೆ. ದೀಪ ಅಲ್ಲೇ ಇರಲಿ, ನಾಣ್ಯವನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಫೋಟೊ ತೆಗೆಯಿರಿ. ನಾಣ್ಯದ ಜೊತೆ ತಿರುಗದೆ ಜೋಡಿ ಗೆರೆ ದೀಪಕ್ಕೆ ತಕ್ಕಂತೆ ಒಂದೇ ಕಡೆ ನಿಂತರೆ ಅದು ನೆರಳು, ಇಲ್ಲ ಹೊಳಪು. ನಾಲ್ಕರಲ್ಲೂ ಅಕ್ಷರದ ಅದೇ ಬದಿಯಲ್ಲಿ ಉಳಿದರೆ ಮುಂದೆ ನೋಡೋಣ. ಅಚ್ಚಿನಲ್ಲೇ ಜೋಡಿ ಇದ್ದರೆ, ಅಂದರೆ ನಿಜವಾದ ಡಬಲ್ ಡೈ ಆದರೆ, ಎರಡನೇ ಗೆರೆಯೂ ದುಂಡಗೆ ಉಬ್ಬಿರುತ್ತದೆ, ಅಕ್ಷರದ ತುದಿ ಸೀಳಿದ ಹಾಗಿರುತ್ತದೆ. ಒತ್ತುವಾಗ ಅಚ್ಚು ಜಾರಿದ್ದರೆ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು ಕಾಣುತ್ತದೆ, ಅಕ್ಷರವೂ ಸಣಕಲಾಗಿರುತ್ತದೆ. ಅದನ್ನು ಮಷೀನ್ ಡಬ್ಲಿಂಗ್ ಅಂತಾರೆ, ಅದಕ್ಕೆ ಹೆಚ್ಚಿನ ಬೆಲೆ ಕೊಡುವವರು ಕಡಿಮೆ.

ಇದಕ್ಕೆ ಎರಡು ಕಣ್ಣಿಗೂ ಬೇರೆ ಬೇರೆ ದಾರಿ ಇರುವ ಸ್ಟೀರಿಯೊ ಮೈಕ್ರೋಸ್ಕೋಪ್ ಸರಿ, 7ರಿಂದ 45 ಪಟ್ಟಿನದು. ಲೆನ್ಸ್ ಕೆಳಗೆ ಸುಮಾರು 100 ಮಿ.ಮೀ. ಜಾಗ ಇರುವುದರಿಂದ ದೀಪ ಎಲ್ಲಿ ಬೇಕೋ ಅಲ್ಲಿ ಇಡಬಹುದು. ಕ್ಯಾಮೆರಾ ಹಾಕಲು ಮೂರನೇ ಕೊಳವೆ ಇರುವ ಟ್ರೈನಾಕ್ಯುಲರ್ ತಗೊಳ್ಳಿ. ಇಂಥ ಹೆಚ್ಚಿನ ಮೈಕ್ರೋಸ್ಕೋಪ್‌ಗಳಲ್ಲಿ ಕ್ಯಾಮೆರಾ ಒಂದೇ ಕಣ್ಣಿನ ದಾರಿಯಲ್ಲಿ, ಓರೆಯಾಗಿ ನೋಡುತ್ತದೆ. ನಾಣ್ಯದ ಒಂದು ಬದಿ ಮಸುಕಾದರೆ ಕ್ಯಾಮೆರಾ ಬೈಯಬೇಡಿ, ನಾಣ್ಯದ ಕೆಳಗೆ ಚೂರು ಕಾಗದ ಮಡಚಿ ಇಟ್ಟು ಓರೆ ಸರಿಮಾಡಿ. ಅಲ್ಲಿಯವರೆಗೆ ಮಾರಾಟದ ಬರಹ ತೆಗೆದಿಡಿ.

ಗಾಜಿನ ಗೂಡು: ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲ್ ಆದ ನಾಣ್ಯದ ಮೇಲೆ ದೀಪ ಪ್ರತಿಫಲಿಸುತ್ತದೆ. ಏನು ಮಾಡಲಿ?

ನಾಣ್ಯಹುಳ: ಇಷ್ಟೆಲ್ಲ ಯಾಕೆ? ಫೋನ್ ಲೆನ್ಸ್ ಮೇಲೆ ಒಂದು ಹನಿ ನೀರು ಬಿಟ್ಟರೆ ಮೈಕ್ರೋಸ್ಕೋಪ್ ರೆಡಿ. ಮೊದಲು ನಾಣ್ಯಕ್ಕೆ ಟೂತ್‌ಪೇಸ್ಟ್ ಹಾಕಿ ಉಜ್ಜಿ, ಹೊಳೆಯುತ್ತದೆ. ನನಗೆ ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ.

ಮೇಡಂ: ಯಾರಿಗೂ ಉಪಯೋಗ ಆಗಲ್ಲ. ನೀರಿನ ಹನಿ ಲೆನ್ಸ್ ಥರ ಕೆಲಸ ಮಾಡೋದು ನಿಜ, ಆದರೆ ಆ ಹನಿ ಜಾರಿ ನಾಣ್ಯದ ಮೇಲೇ ಬೀಳುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಆ ಗೀರು ಮತ್ತೆ ಹೋಗಲ್ಲ, ಮೈಕ್ರೋಸ್ಕೋಪಿನಲ್ಲಿ ಮೊದಲು ಕಾಣೋದೇ ಅದು. ದಯವಿಟ್ಟು ಇಂಥದ್ದನ್ನು ಹಂಚಬೇಡಿ.

ನಾಣ್ಯಹುಳ: ಹೇಳಿದ ರೀತಿ ಸರಿ ಇಲ್ಲ ಮೇಡಂ. ಇರಲಿ. ನನ್ನ ಫೋನ್ 108 ಮೆಗಾಪಿಕ್ಸೆಲ್. ಯಾವ ಕ್ಯಾಮೆರಾನೂ ಬೇಡ.

ಚಿಲ್ಲರೆ ಡಬ್ಬಿ: ಸುಮ್ನೆ ಪಿಕ್ಸೆಲ್ ಎಣಿಸಬೇಡಿ ರೀ. ಆ ಫೋನ್ ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ.

ನಾಣ್ಯಹುಳ: ನಿನ್ನೆ 1000 ಪಟ್ಟು ನಂಬಿದವರು ಇವತ್ತು ಪಾಠ ಹೇಳ್ತಿದ್ದೀರಾ?

ಚಿಲ್ಲರೆ ಡಬ್ಬಿ: ನಿನ್ನೆ ಅಲ್ಲ, ಇವತ್ತು ಬೆಳಗ್ಗೆ. ಉತ್ತರ ಓದಿದೆ, ಕಲಿತೆ. ನೀವೂ ಓದಬಹುದು.

ತೂತುಕಾಸು: ಮ್ಯಾಕ್ರೋ ಲೆನ್ಸ್‌ನಲ್ಲಿ ಬೆಳಕಿನ ಕಿಂಡಿ ತೀರಾ ಚಿಕ್ಕದು ಮಾಡಿ ಎಫ್/22 ಇಟ್ಟರೆ ಎಲ್ಲ ಫೋಕಸ್ ಆಗುತ್ತಾ?

ಮೇಡಂ: ಬೇಡ. 1:1ರಲ್ಲಿ ಎಫ್/8 ಇಟ್ಟರೇ ಎಫ್/16ರ ಹಾಗೆ ವರ್ತಿಸುತ್ತದೆ. ಎಫ್/22 ಇಟ್ಟರೆ ಎಲ್ಲವೂ ಒಂದೇ ಸಮ ಮಸುಕು. ಎಫ್/5.6 ಇಟ್ಟು, ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ನಾಲ್ಕಾರು ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಎಲ್ಲ ಸೇರಿಸಿ ಒಂದೇ ಫೋಟೊ ಮಾಡಿ.

ಹಿತ್ತಾಳೆ ಬಿಂದಿಗೆ: ಮೇಡಂ, 1600 ಪಟ್ಟಿನ ಯುಎಸ್‌ಬಿ ಮೈಕ್ರೋಸ್ಕೋಪ್ ಹೇಗೆ?

ಮೇಡಂ: ಮೇಲೆ ಓದಿ.

ಹಿತ್ತಾಳೆ ಬಿಂದಿಗೆ: ಅದು 1000. ಇದು 1600.

ಮೇಡಂ: ಮೇಲೆ ಓದಿ.

ಗಾಜಿನ ಗೂಡು: ನನ್ನ ಪ್ರಶ್ನೆ ಹಾಗೇ ಉಳಿದಿದೆ.

ನಾಣ್ಯಹುಳ: ಉತ್ತರ ಬೇಕಾದರೆ ಕಾಲಿಗೆ ಬೀಳಬೇಕೇನೋ ಇಲ್ಲಿ.

ಅಡ್ಮಿನ್: ಇನ್ನೊಂದು ಸಲ ಹೀಗೆ ಬರೆದರೆ ತೆಗೆಯುತ್ತೇನೆ.

ಸವೆದ ಮುಖ: ಮೇಡಂ, ನಾಲ್ಕು ಫೋಟೊ ತೆಗೆದೆ. ಕೊನೆಯ ಅಂಕಿಯ ಜೋಡಿ ಗೆರೆ ಎರಡರಲ್ಲಿ ಕಾಣಲೇ ಇಲ್ಲ. ಮೊದಲ ಅಂಕಿಯದು ನಾಲ್ಕರಲ್ಲೂ ಬಲಕ್ಕೇ ಇದೆ, ಚಪ್ಪಟೆಯಾಗಿ.

ಮೇಡಂ: ಕೊನೆಯದು ನೆರಳು. ಮೊದಲನೆಯದು ಮಷೀನ್ ಡಬ್ಲಿಂಗ್. ಯಾರಾದರೂ ಕೊಳ್ಳುತ್ತೇನೆ ಅಂದಿದ್ದರಾ?

ಸವೆದ ಮುಖ: ಒಬ್ಬರು ಮುಂಗಡ ಕೊಟ್ಟಿದ್ದರು. ಈಗಷ್ಟೇ ವಾಪಸ್ ಕಳಿಸಿದೆ.